ಒಂದು ‘ದ’ ಹಾಕಿದ್ದಕ್ಕೆ ಹಣ್ಣಿನ ಬುಟ್ಟಿ ಬಂತು

ನಮ್ ಸೀನ ಮೊನ್ನೆ ಆಫೀಸ್‌ಗೆ ‘ಐ ಆಮ್ ಇನ್ ದ ಹಾಸ್ಪಿಟಲ್’ ಅಂತ ಮೇಲ್ ಹಾಕಿದ್ದಾನೆ, ಹೋಗಿದ್ದು ಚಿಕ್ಕಪ್ಪಂಗೆ ಇಡ್ಲಿ ಕ್ಯಾರಿಯರ್ ಕೊಟ್ಟು ಬರೋಕೆ ಅಷ್ಟೇ, ಆದ್ರೆ ಅಮೆರಿಕದಲ್ಲಿ ಕೂತಿರೋ ಮ್ಯಾನೇಜರ್ ಗಾಬರಿಬಿದ್ದು ಮನೆಗೆ ಹಣ್ಣಿನ ಬುಟ್ಟಿ ಕಳಿಸ್ಬಿಟ್ಟಿದ್ದಾನೆ. ಆ ಸೇಬು ಕಚ್ಕೊಂಡೇ ಗಾಂಧಿ ಬಜಾರಲ್ಲಿ ನಿಂತು ಹರಟೆ ಹೊಡೀತಿದ್ವಿ.

“ನಂದೇನ್ ತಪ್ಪು ಗುರೂ? ಸ್ಕೂಲಲ್ಲಿ ಹೇಳ್ಕೊಟ್ಟಿದ್ದೇ ಹಂಗೆ. ‘ಇನ್ ಹಾಸ್ಪಿಟಲ್’ ಅಂದ್ರೆ ಅಡ್ಮಿಟ್ ಆಗಿರೋನು, ಮಧ್ಯ ಒಂದು ‘ದ’, ಅದೇ ಇಂಗ್ಲಿಷ್‌ನ the, ಬಂದ್ರೆ ಸುಮ್ನೆ ಆ ಬಿಲ್ಡಿಂಗ್ ಒಳಗೆ ಇರೋನು.”

“ಅದು ಬ್ರಿಟಿಷರ ಲೆಕ್ಕ ಕಣಯ್ಯಾ,” ಅಂದ್ರು ಮೇಷ್ಟ್ರು. “ಅಮೆರಿಕದವ್ರು ಡ್ರಿಪ್ಸ್ ಹಾಕ್ಕೊಂಡು ಮಲಗಿದ್ರೂ ‘ದ’ ಬಿಡಲ್ಲ. ಜೈಲ್ ವಿಷ್ಯದಲ್ಲಿ ಮಾತ್ರ ಇಬ್ರೂ ಒಂದೇ, ‘ಇನ್ ಜೈಲ್’ ಅಂದ್ರೆ ಕೈದಿ. ನಾಳೆ ಪರಪ್ಪನ ಅಗ್ರಹಾರಕ್ಕೆ ಯಾರನ್ನಾದ್ರೂ ನೋಡೋಕೆ ಹೋದ್ರೆ ದಯವಿಟ್ಟು ‘ದ’ ಹಾಕು, ಇಲ್ದಿದ್ರೆ ಹಣ್ಣು ಬರಲ್ಲ, ಎಚ್‌ಆರ್ ಲೆಟರ್ ಬರುತ್ತೆ.”

ಪದ್ದಿಗೆ ತಲೆ ಕೆಟ್ಟಿದ್ದು ಬೇರೆ ವಿಷ್ಯಕ್ಕೆ. ನದಿಗೆ ‘ದ’, ಕೆರೆ ಹೆಸ್ರಿಗೆ ಇಲ್ಲ. ಬೆಟ್ಟದ ಸಾಲಿಗೆ ಇದೆ, ದ ಹಿಮಾಲಯಾಸ್, ದ ವೆಸ್ಟರ್ನ್ ಘಾಟ್ಸ್, ಆದ್ರೆ ಎವರೆಸ್ಟ್ ಪಾಪ 8,849 ಮೀಟರ್ ಎತ್ತರ ಬೆಳೆದು ನಿಂತಿದ್ರೂ ಅದಕ್ಕಿಲ್ಲ.

“ಹಂಗಾದ್ರೆ ನಮ್ ವೃಷಭಾವತಿ ನದಿ?”

“ದ ವೃಷಭಾವತಿ.”

“ಮೈಸೂರ್ ರೋಡಲ್ಲಿ ಮೂಗು ಮುಚ್ಕೊಂಡು ದಾಟ್ತೀವಲ್ಲ, ಅದಕ್ಕೆ ಈ ಮರ್ಯಾದೆ! ಬೆಳ್ಳಂದೂರು ಕೆರೆ ನೊರೆ ಉಕ್ಸಿ, 2017ರಲ್ಲಿ ಬೆಂಕಿ ಹತ್ಕೊಂಡು, ಪೇಪರ್ ಟೀವಿ ಎಲ್ಲಾ ಕಡೆ ಬಂತು, ಅದು ಬರೀ ಬೆಳ್ಳಂದೂರ್ ಲೇಕ್. ಎಲ್ಲಿದೆ ನ್ಯಾಯ ಮೇಷ್ಟ್ರೇ?”

ಮೇಷ್ಟ್ರು ಅದಕ್ಕೆ ಉತ್ರ ಕೊಡ್ದೆ ದೇಶಗಳ ಕಡೆ ಜಾರ್ಕೊಂಡ್ರು. ಹೆಸ್ರು ಬಹುವಚನ ಆಗಿದ್ರೆ, ಇಲ್ಲ ಕಿಂಗ್ಡಮ್ಮು ರಿಪಬ್ಲಿಕ್ಕು ಅಂತ ಇದ್ರೆ ‘ದ’ ಬೇಕಂತೆ, ಅದಕ್ಕೇ ದ ನೆದರ್ಲೆಂಡ್ಸ್, ದ ಫಿಲಿಪೀನ್ಸ್. ಉಕ್ರೇನ್‌ಗೂ ಮುಂಚೆ ಹಾಕ್ತಿದ್ರಂತೆ, 1991ರಲ್ಲಿ ಸ್ವತಂತ್ರ ಆದ್ಮೇಲೆ ಅವ್ರು ‘ದ’ ಬೇಡ ಸ್ವಾಮಿ, ಅದು ಸೇರಿಸಿದ್ರೆ ಯಾರ್ದೋ ಒಂದು ಪ್ರಾಂತ್ಯದ ಥರ ಕೇಳುತ್ತೆ ಅಂದ್ರು. ಉಚ್ಚಾರಣೆ ಕಥೆನೂ ಬಂತು, ಆಪಲ್ ಮುಂದೆ ‘ದಿ’, ಯೂನಿವರ್ಸಿಟಿ ಮುಂದೆ ‘ದ’, ಯಾಕಂದ್ರೆ ಅಲ್ಲಿ ಕೇಳೋದು ಯಕಾರ. ಕಿವಿ ನಂಬಬೇಕು, ಸ್ಪೆಲಿಂಗ್ ಅಲ್ಲ.

ನನ್ ಕೇಳಿದ್ರೆ ಈ ಪಟ್ಟಿ ಎಲ್ಲಾ ಉರು ಹೊಡ್ಯೋದು ದಂಡ. ಊರು ಕೇರಿ ಹೆಸ್ರು ಪಕ್ಕಕ್ಕಿಟ್ರೆ ಮುಕ್ಕಾಲ್ ಪಾಲು ಒಂದೇ ಪ್ರಶ್ನೆ, ನಾನು ಯಾವುದರ ಬಗ್ಗೆ ಹೇಳ್ತಿದ್ದೀನಿ ಅಂತ ಎದುರುಗಡೆಯೋನಿಗೆ ಗೊತ್ತಾ? ಗೊತ್ತಿಲ್ದೇ ಇದ್ರೆ ಮೊದಲ್ನೇ ಸಲ ‘ಎ’, ಆಮೇಲೆ ‘ದ’.

ಇದನ್ನ ಹೇಳಿದ್ದೇ ತಡ ಸೀನ ಫೋನ್ ತೆಗ್ದು ಮ್ಯಾನೇಜರ್‌ಗೆ ಕಳ್ಸಿದ್ದ ಹಳೇ ಮೆಸೇಜ್ ತೋರಿಸ್ದ. “ನಂಗೆ ಗ್ರಾಮರ್ ಬರಲ್ಲ ಅಂತೀರಾ? ನೋಡ್ರಿ, ಸಿಲ್ಕ್ ಬೋರ್ಡಲ್ಲಿ ಒಂಬತ್ತು ಗಂಟೆಗೆ ‘ಐ ಆಮ್ ಅಟ್ ಎ ಸಿಗ್ನಲ್’. ಒಂಬತ್ತು ಮುಕ್ಕಾಲಿಗೆ ‘ಐ ಆಮ್ ಅಟ್ ದ ಸಿಗ್ನಲ್’. ಅದೇ ಸಿಗ್ನಲ್ಲು ಮೇಷ್ಟ್ರೇ, ಮಾರ್ಕ್ಸ್ ಹಾಕಿ!”