ಮಗನಿಗೆ ನಾಲ್ಕು ಲಕ್ಷ ಕಳಿಸಲೇ, ಬೇಡವೇ?

ಓದುಗರ ಸ್ಪಂದನ, ಮೇ 2020

ಕಳೆದ ಸಂಚಿಕೆಯಲ್ಲಿ ದಾವಣಗೆರೆಯ ಓದುಗರೊಬ್ಬರು ತಮ್ಮ ಸಂಕಟ ಬರೆದಿದ್ದರು. ಸಿಂಗಪುರದಲ್ಲಿ ಕೆಲಸದಲ್ಲಿರುವ ಅವರ ಮಗ ಎರಡು ವರ್ಷದ ಹಿಂದೆ ಸಿಂಗಪುರ ಏರ್‌ಲೈನ್ಸ್‌ನ 1,000 ಷೇರು ಕೊಂಡಿದ್ದಾನೆ. ಆಗ ಒಂದಕ್ಕೆ 10 ಸಿಂಗಪುರ ಡಾಲರ್‌ಗೂ ಜಾಸ್ತಿ ಬೆಲೆ ಇತ್ತು. ಕೊರೊನಾ ಬಂದು ವಿಮಾನಗಳು ನಿಂತವು. ಈಗ ಕಂಪನಿ ತನ್ನ ಷೇರುದಾರರಿಂದಲೇ ಹಣ ಎತ್ತುತ್ತಿದೆ. ಸಂಬಳ ಕಡಿತವಾಗಿರುವ ಮಗ ಅಪ್ಪನ ಬಳಿ 4 ಲಕ್ಷ ಕೇಳಿದ್ದಾನೆ. ಅಪ್ಪನ ಕೈಯಲ್ಲಿರುವುದು ಮಗಳ ಮದುವೆಗೆ ಕೂಡಿಟ್ಟ ಹಣ. ಈ ತಿಂಗಳು ಆಗಬೇಕಿದ್ದ ಮದುವೆ ಲಾಕ್‌ಡೌನ್‌ನಿಂದ ಮುಂದಕ್ಕೆ ಹೋಗಿದೆ. ‘ಆರೂವರೆ ಡಾಲರ್‌ನ ಷೇರು 3 ಡಾಲರ್‌ಗೆ ಸಿಗುತ್ತಿದೆ ಅಂತಾನೆ. ಅರ್ಧ ಬೆಲೆಗೆ ಸಿಗೋದನ್ನ ಬಿಟ್ಟರೆ ತಪ್ಪಾಗುತ್ತಾ?’ ಎಂಬುದು ಅವರ ಪ್ರಶ್ನೆ. ಹಣ ಕಟ್ಟಲು ಮೇ 28 ಕೊನೆಯ ದಿನ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಅಣ್ಣಾವ್ರೇ, ಕಳಿಸಬೇಡಿ. ನಾನು ಕಾರ್ಖಾನೆಯೊಂದರಲ್ಲಿ 22 ವರ್ಷ ದುಡಿದವನು. ಕಂಪನಿಗೆ ಕಷ್ಟ ಬಂದಾಗ ಕಡಿಮೆ ಬೆಲೆಗೆ ಷೇರು ಕೊಡುತ್ತೇವೆ ಅಂದರು. ನಮ್ಮ ಕಂಪನಿ, ನಾವೇ ಕೈ ಹಿಡಿಯದಿದ್ದರೆ ಹೇಗೆ ಅಂತ ಸೊಸೈಟಿಯಲ್ಲಿ ಸಾಲ ತೆಗೆದು ಹಾಕಿದೆ. ಮೂರು ವರ್ಷಕ್ಕೆ ಗೇಟಿಗೆ ಬೀಗ ಬಿತ್ತು. ಸಾಲ ತೀರಿಸಲು ಇನ್ನೂ ನಾಲ್ಕು ವರ್ಷ ಹಿಡಿಯಿತು. ಆ ಷೇರು ಪತ್ರ ಇವತ್ತಿಗೂ ನಮ್ಮ ಟ್ರಂಕಿನಲ್ಲಿದೆ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲ ನಿಮಗೂ ನೆನಪಿರಬೇಕು. ಆ ಹತ್ತಿ ಗಿರಣಿಗಳ ಸೈರನ್ ನಿಲ್ಲುತ್ತದೆ ಅಂತ ಯಾರಾದರೂ ಅಂದುಕೊಂಡಿದ್ದರಾ? ವಿಮಾನದ ವ್ಯವಹಾರ ಅದಕ್ಕಿಂತ ಕಷ್ಟದ್ದು. ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ ಹೋದ ವರ್ಷ ಏಪ್ರಿಲ್‌ನಲ್ಲಿ ನಿಂತಿತು. ಅಮೆರಿಕದ ದೊಡ್ಡ ಹೂಡಿಕೆದಾರ ವಾರನ್ ಬಫೆಟ್ ಕೂಡ ತಮ್ಮ ಹತ್ತಿರ ಇದ್ದ ನಾಲ್ಕೂ ವಿಮಾನ ಕಂಪನಿಗಳ ಷೇರು ಪೂರ್ತಿ ಮಾರಿದ್ದೇನೆ ಅಂತ ಈ ತಿಂಗಳ ಶುರುವಿನಲ್ಲಿ ಹೇಳಿದ್ದಾರೆ. ಅಷ್ಟು ದೊಡ್ಡವರೇ ಹೊರಗೆ ಬಂದಿರುವಾಗ ನಾವು ಮದುವೆ ಹಣ ಹಿಡಿದು ಒಳಗೆ ಹೋಗೋದು ಬೇಡ.

— ನಿವೃತ್ತ ಕಾರ್ಮಿಕ, ಹರಿಹರ

*

ಕಿಂಗ್‌ಫಿಷರ್, ಜೆಟ್ ಹೆಸರು ಹೇಳಿ ನಿಮ್ಮನ್ನು ಹೆದರಿಸುವವರು ಬಹಳ ಜನ ಇರುತ್ತಾರೆ. ಆದರೆ ಆ ಕಂಪನಿಗಳು ಮುಳುಗುವಾಗ ಹಣ ಹಾಕಲು ಯಾರೂ ಮುಂದೆ ಬರಲಿಲ್ಲ. ಇಲ್ಲಿ ಹಾಗಿಲ್ಲ. ಸಿಂಗಪುರ ಸರ್ಕಾರದ ಹೂಡಿಕೆ ಸಂಸ್ಥೆ ಟೆಮಾಸೆಕ್ ಹತ್ತಿರ ಸುಮಾರು ಶೇ 55ರಷ್ಟು ಷೇರು ಇದೆ. ತನ್ನ ಪಾಲು ಪೂರ್ತಿ ತಗೊಳ್ಳುವುದಲ್ಲದೆ, ಬೇರೆಯವರು ಬಿಟ್ಟದ್ದನ್ನೂ ತಗೊಳ್ಳುತ್ತೇನೆ ಅಂತ ಅದು ಒಪ್ಪಿಕೊಂಡಿದೆ. ಈಗ ಷೇರು ಮತ್ತು ಅದರ ಜೊತೆ ಕೊಡುವ ಬಾಂಡ್ (ಸಾಲಪತ್ರ) ಎರಡೂ ಸೇರಿ 8.8 ಬಿಲಿಯನ್ ಸಿಂಗಪುರ ಡಾಲರ್ ಬರಬೇಕು. ಜೊತೆಗೆ ಡಿಬಿಎಸ್ ಬ್ಯಾಂಕಿನ 4 ಬಿಲಿಯನ್ ಸಾಲವೂ ಇದೆ.

ಕಷ್ಟ ಇಲ್ಲ ಅಂತ ನಾನು ಹೇಳುತ್ತಿಲ್ಲ. ಶೇ 96ರಷ್ಟು ಹಾರಾಟ ನಿಂತಿದೆ. ಮಾರ್ಚ್‌ನಲ್ಲೇ 147 ವಿಮಾನಗಳಲ್ಲಿ 138ನ್ನು ನಿಲ್ಲಿಸುತ್ತೇವೆ ಅಂದಿದ್ದರು. 2019-20ರಲ್ಲಿ 212 ಮಿಲಿಯನ್ ಡಾಲರ್ ನಷ್ಟ, ವರ್ಷದ ಲೆಕ್ಕದಲ್ಲಿ ಅದರ ಇತಿಹಾಸದಲ್ಲೇ ಮೊದಲನೆಯದು. ಇನ್ನೊಂದು ಸಮಸ್ಯೆ ಇದೆ. ನಮ್ಮಲ್ಲಾದರೆ ಹೊರದೇಶದ ಹಾರಾಟ ನಿಂತರೂ ಬೆಂಗಳೂರು–ದೆಹಲಿ ವಿಮಾನ ಹಾರಬಹುದು. ಸಿಂಗಪುರ ಒಂದು ಊರಿನಷ್ಟೇ ಇರುವ ದೇಶ. ಬೇರೆ ದೇಶದ ಬಾಗಿಲು ತೆರೆಯುವವರೆಗೆ ಅವರು ಕಾಯಲೇಬೇಕು. ಆದರೂ ಕಾಯುವಷ್ಟು ಹಣ ಅವರ ಕೈಗೆ ಬರುತ್ತಿದೆ. ಐದು ವರ್ಷ ಮುಟ್ಟದೆ ಇರಬಲ್ಲ ಹಣವಾದರೆ ನಾನು ಹಾಕುತ್ತಿದ್ದೆ.

— ಸಾಫ್ಟ್‌ವೇರ್ ಉದ್ಯೋಗಿ, ಚಿತ್ರದುರ್ಗ

*

ನಾನು ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಂಪನಿ ಉಳಿಯುತ್ತದೆಯೇ ಅನ್ನುವುದಕ್ಕೆ ಮೊದಲು ‘ಅರ್ಧ ಬೆಲೆ’ ಅನ್ನುವ ಮಾತನ್ನು ಬಿಡಿಸಿ ನೋಡಬೇಕು.

6.50 ಡಾಲರ್ ಅನ್ನೋದು ಮಾರ್ಚ್‌ನಲ್ಲಿ ಈ ಯೋಜನೆ ಪ್ರಕಟವಾಗುವ ಮುಂಚಿನ ಬೆಲೆ. ಪ್ರತಿ 2 ಷೇರಿಗೆ 3 ಹೊಸ ಷೇರು ಕೊಡುತ್ತಾರೆ, ಒಂದಕ್ಕೆ 3 ಡಾಲರ್. ನಿಮ್ಮ ಮಗನ 1,000ಕ್ಕೆ 1,500 ಬರುತ್ತದೆ. ಹಳೆಯದರ ಬೆಲೆ 6,500 ಡಾಲರ್, ಹೊಸದಕ್ಕೆ ಕಟ್ಟುವುದು 4,500. ಒಟ್ಟು 11,000 ಡಾಲರ್‌ಗೆ 2,500 ಷೇರು. ಭಾಗಿಸಿದರೆ ಒಂದಕ್ಕೆ 4.40. ಒಂದು ಚೀಲ ಒಳ್ಳೆ ಸೋನಾ ಮಸೂರಿಗೆ ಕಡಿಮೆ ದರದ ಒಂದೂವರೆ ಚೀಲ ಬೆರೆಸಿದರೆ ಇಡೀ ರಾಶಿಗೆ ನಡುವಿನ ದರ ತಾನೇ ಬರೋದು? ಇಲ್ಲೂ ಅಷ್ಟೇ. ಹೊಸ ಷೇರಿನಲ್ಲಿ ಕಂಡ ಲಾಭ ಹಳೆಯ ಷೇರಿನಲ್ಲಿ ಕಳೆದುಹೋಗುತ್ತದೆ. ಹಾಗಾಗಿ ಇದು ರಿಯಾಯಿತಿ ಮಾರಾಟ ಅಲ್ಲ.

ಆದರೆ ಬೇಡ ಅಂತ ಸುಮ್ನೆ ಕೂರಲೂಬೇಡಿ. ಅದೇ ಎಲ್ಲಕ್ಕಿಂತ ಕೆಟ್ಟದ್ದು. ಹಳೆಯ ಷೇರಿನ ಬೆಲೆ ಇಳಿದಿರುತ್ತದೆ, ಹೊಸ ಷೇರು ಕೊಳ್ಳುವ ಹಕ್ಕೂ ಸತ್ತುಹೋಗುತ್ತದೆ, ಎರಡೂ ಕಡೆ ನಷ್ಟ. ಆ ಹಕ್ಕಿಗೇ ಒಂದು ಬೆಲೆ ಇದೆ. ಪೇಟೆಯಲ್ಲಿ ಷೇರು 4 ಡಾಲರ್ ಇದೆ ಅಂತ ಇಟ್ಟುಕೊಳ್ಳಿ. ಆಗ 3 ಡಾಲರ್‌ಗೆ ಕೊಳ್ಳುವ ಹಕ್ಕು ಸುಮಾರು 1 ಡಾಲರ್ ಬಾಳುತ್ತದೆ. ಇದೇ ತಿಂಗಳು ನಮ್ಮಲ್ಲೂ ರಿಲಯನ್ಸ್ ಹಕ್ಕಿನ ಷೇರು ಬರುತ್ತಿದೆ, 15ಕ್ಕೆ 1, ಬೆಲೆ 1,257 ರೂಪಾಯಿ. ಅದರ ಹಕ್ಕು ಡಿಮ್ಯಾಟ್ ಖಾತೆಗೆ ಬರುತ್ತದೆ, ಬೇಡವಾದವರು ಪೇಟೆಯಲ್ಲಿ ಮಾರಬಹುದು. ಸಿಂಗಪುರದಲ್ಲೂ ಹಾಗೇ.

ಮಗನಿಗೆ ಒಂದು ದಾರಿ ಹೇಳಿ. ಹಕ್ಕಿಗೆ 1 ಡಾಲರ್ ಸಿಕ್ಕರೆ 1,500ರಲ್ಲಿ 1,125 ಮಾರಲಿ. ಕೈಗೆ 1,125 ಡಾಲರ್ ಬರುತ್ತದೆ. ಅದೇ ಹಣ ಉಳಿದ 375 ಹಕ್ಕಿಗೆ ಕಟ್ಟಲು ಸಾಕು. ದಲಾಲಿ ಖರ್ಚು ಸ್ವಲ್ಪ ಬೀಳುತ್ತದೆ ಅಷ್ಟೇ. ನಿಮ್ಮ ಕೈಯಿಂದ ಒಂದು ರೂಪಾಯಿಯೂ ಬೇಡ. ಅವನ ಹತ್ತಿರ 1,375 ಷೇರು ಉಳಿಯುತ್ತದೆ, ಮುಂದೆ ಕಂಪನಿ ಚೇತರಿಸಿಕೊಂಡರೆ ಅವನಿಗೂ ಪಾಲಿರುತ್ತದೆ. ಒಂದು ಎಚ್ಚರಿಕೆ, ಹಕ್ಕು ಮಾರುವ ಅವಧಿ 28ಕ್ಕೆ ಕೆಲವು ದಿನ ಮೊದಲೇ ಮುಗಿಯುತ್ತದೆ. ಪತ್ರಿಕೆ ಕೈಗೆ ಬಂದ ದಿನವೇ ಫೋನ್ ಮಾಡಿ.

ಮಗ ಕೇಳಿದ 4 ಲಕ್ಷದ ಲೆಕ್ಕವನ್ನೂ ಮಾಡಿ ನೋಡಿದೆ. ಹೊಸ ಷೇರಿಗೆ 4,500 ಡಾಲರ್. ಜೊತೆಗೆ 100 ಷೇರಿಗೆ 295ರಂತೆ ಬಾಂಡ್ ಕೊಡುತ್ತಾರೆ, ಒಂದಕ್ಕೆ 1 ಡಾಲರ್. ಅದಕ್ಕೆ 2,950. ಒಟ್ಟು 7,450 ಡಾಲರ್, ಡಾಲರ್‌ಗೆ 53 ರೂಪಾಯಿಯಂತೆ ಸುಮಾರು 3.95 ಲಕ್ಷ. ಎರಡನ್ನೂ ತಗೊಳ್ಳಲೇಬೇಕು ಅಂತ ಅವನು ತಿಳಿದಿರಬಹುದು, ಹಾಗೇನಿಲ್ಲ. ಒಂದನ್ನು ತಗೊಂಡು ಇನ್ನೊಂದನ್ನು ಬಿಡಬಹುದು.

ಬಾಂಡ್ ಅಂದ ತಕ್ಷಣ ನಮ್ಮ ಮನಸ್ಸಿಗೆ ಎಫ್.ಡಿ. ಬರುತ್ತದೆ. ಇದು ಎಫ್.ಡಿ. ಅಲ್ಲ. ನಡುವೆ ಬಡ್ಡಿ ಅಂತ ಒಂದು ಪೈಸೆಯೂ ಕೈಗೆ ಬರುವುದಿಲ್ಲ. ಕಂಪನಿ ಮೊದಲ 4 ವರ್ಷದಲ್ಲಿ ವಾಪಸ್ ಕೊಟ್ಟರೆ ವರ್ಷಕ್ಕೆ ಶೇ 4, ಆಮೇಲೆ ಶೇ 5, ಕೊನೆಯ ವರ್ಷಗಳಲ್ಲಿ ಶೇ 6ರ ಲೆಕ್ಕದಲ್ಲಿ ಕೊಡುತ್ತದೆ. ಯಾವಾಗ ಕೊಡಬೇಕು ಅನ್ನೋದು ಕಂಪನಿಯ ಇಷ್ಟ. 10 ವರ್ಷವಾದರೂ ಕೊಡದಿದ್ದರೆ, ಆ ಲೆಕ್ಕದಲ್ಲಿ ಬೆಳೆದ ಅಸಲಿಗೆ 4.84 ಡಾಲರ್ ದರದಲ್ಲಿ ಷೇರು ಕೊಟ್ಟು ಮುಗಿಸುತ್ತಾರೆ. ಆ ದಿನ ಷೇರಿನ ಬೆಲೆ ಎಷ್ಟೇ ಇರಲಿ. ಮದುವೆ ಹಣವನ್ನು ಇಂಥದರಲ್ಲಿ ಇಡಬಾರದು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಕೌಂಟರ್‌ನಲ್ಲಿ ಕೂತ ಅಷ್ಟೂ ವರ್ಷ, ಮುಹೂರ್ತ ಹತ್ತಿರ ಬಂದಾಗ ಎಫ್.ಡಿ. ಮುರಿಸಲು ಬಂದ ತಂದೆಯರನ್ನು ನೋಡಿದ್ದೇನೆ. ಕೇಳಿದ ದಿನ ಹಣ ಕೈಗೆ ಸಿಗಬೇಕು, ಅಷ್ಟೇ ಅವರಿಗೆ ಬೇಕಿದ್ದದ್ದು.

— ನಿವೃತ್ತ ಬ್ಯಾಂಕ್ ಅಧಿಕಾರಿ, ವಿದ್ಯಾನಗರ, ದಾವಣಗೆರೆ

*

ಕಳಿಸಲೇಬೇಕು ಅಂತಾದರೆ ಬ್ಯಾಂಕಿನ ಮೂಲಕವೇ ಕಳಿಸಿ. ಪಾನ್ ಕಾರ್ಡ್ ಬೇಕು, ವಿದೇಶಕ್ಕೆ ಹಣ ಕಳಿಸುವ ಎ2 ಫಾರಂ ತುಂಬಬೇಕು. ಒಬ್ಬರು ವರ್ಷಕ್ಕೆ 2.5 ಲಕ್ಷ ಅಮೆರಿಕನ್ ಡಾಲರ್‌ವರೆಗೆ ಕಳಿಸಬಹುದು, ಹಾಗಾಗಿ ಮಿತಿಯ ಚಿಂತೆ ಇಲ್ಲ. ಮಗನಿಗೆ ಉಡುಗೊರೆ ಎಂದು ಕಳಿಸುವುದು ಸರಳ. ಆದರೆ ಉಡುಗೊರೆ ಅಂದಮೇಲೆ ಹಣ ಅವನದು. ವಾಪಸ್ ಬರುತ್ತದೆ ಅನ್ನೋದು ನಿಮ್ಮಿಬ್ಬರ ನಡುವಿನ ಮಾತು ಮಾತ್ರ. ಮದುವೆ ದಿನಾಂಕ ನಿಗದಿಯಾದರೆ ಎಷ್ಟು ದಿನದಲ್ಲಿ ವಾಪಸ್ ಕಳಿಸಬಲ್ಲೆ ಅಂತ ಈಗಲೇ ಅವನನ್ನು ಕೇಳಿಡಿ.

— ತೆರಿಗೆ ಸಲಹೆಗಾರ, ಪಿ.ಜೆ. ಬಡಾವಣೆ, ದಾವಣಗೆರೆ

*

ಅಂಕಲ್, ನನಗೆ ಷೇರು ಗೊತ್ತಿಲ್ಲ. ನಿಮ್ಮ ಪತ್ರದಲ್ಲಿ ಮಗ ಏನಂದ ಅಂತ ಪೂರ್ತಿ ಇದೆ. ಮಗಳು ಏನಂದಳು ಅಂತ ಎಲ್ಲೂ ಇಲ್ಲ. ಅವಳನ್ನು ಕೇಳಿದಿರಾ?

ನನ್ನ ಮದುವೆಯೂ ಈ ತಿಂಗಳೇ ಇತ್ತು. ಛತ್ರಕ್ಕೆ ಮುಂಗಡ ಕೊಟ್ಟಾಗಿತ್ತು. ಈಗ 50 ಜನಕ್ಕಿಂತ ಜಾಸ್ತಿ ಸೇರುವ ಹಾಗಿಲ್ಲವಲ್ಲ, ಹೋದ ವಾರ ಮನೆಯ ಅಂಗಳದಲ್ಲೇ ಚಪ್ಪರ ಹಾಕಿ ಮುಗಿಸಿದೆವು. ಸಾಕಷ್ಟು ಹಣ ಉಳಿಯಿತು. ತಮ್ಮನ ಓದಿಗೆ ಕೊಡಲಾ ಅಂತ ಅಪ್ಪ ಮೊದಲು ನನ್ನನ್ನು ಕೇಳಿದರು. ನಾನೇ ಅರ್ಧ ಕೊಡಿ ಅಂದೆ. ಅವತ್ತು ಅಪ್ಪ ಹಾಗೆ ಕೇಳಿದ್ದು ನನಗೆ ಬಹಳ ದೊಡ್ಡದು. ಕೇಳದೆ ಕೊಟ್ಟಿದ್ದರೆ ನಾನೇನೂ ಅನ್ನುತ್ತಿರಲಿಲ್ಲ, ಆದರೆ ಮನಸ್ಸಿನಲ್ಲಿ ಉಳಿದುಬಿಡುತ್ತಿತ್ತು.

ನಿಮ್ಮ ಮಗಳೂ ಕೊಡಿ ಅನ್ನಬಹುದು, ಬೇಡ ಅನ್ನಬಹುದು. ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ. ವಿಡಿಯೊ ಕಾಲ್‌ನಲ್ಲಿ ಅವಳ ಅಣ್ಣನೂ ಇರಲಿ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಸ್ವಲ್ಪ ಬೇಗ ಊಟಕ್ಕೆ ಕೂತುಕೊಳ್ಳಿ.

— ಓದುಗಿ, ಜಗಳೂರು