ನಾರ್ತ್‌ವೆಸ್ಟ್ ಟೆರಿಟರೀಸ್: ಸಣ್ಣ ಊರಿನ ಶಾಲೆ, ನರ್ಸ್ ವಿಷಯ ಸದನದಲ್ಲಿ ಎತ್ತಿದ ಮೇಲೆ ಏನಾಗುತ್ತೆ?

ಅಗಸೆಬಾಗಿಲು:
ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್ ಶಾಸನಸಭೆಯ ಕಲಾಪ ಓದುತ್ತಿದ್ದೇನೆ. ನೂರು, ನಾನೂರು ಜನರ ಊರುಗಳ ಶಾಸಕರು ಪ್ರತಿ ಅಧಿವೇಶನದಲ್ಲೂ ಅದನ್ನೇ ಹೇಳುತ್ತಾರೆ: ನರ್ಸ್ ಇಲ್ಲ, ಹನ್ನೆರಡನೇ ತರಗತಿಯ ಗಣಿತಕ್ಕೆ ಮೇಷ್ಟ್ರಿಲ್ಲ, ರೋಗಿಯ ಜೊತೆ ಹೋಗುವವರಿಗೆ ಪ್ರಯಾಣ ಮಂಜೂರಾಗಿಲ್ಲ. ಮಂತ್ರಿ "ಗಮನಿಸುತ್ತಿದ್ದೇವೆ" ಅಂತಾರೆ, ಮುಗೀತು. ಪಕ್ಷಗಳೇ ಇಲ್ಲದ ಸದನದಲ್ಲಿ ಸರ್ಕಾರದ ಮೇಲೆ ಒತ್ತಡ ಹಾಕೋದು ಹೇಗೆ? ನಮ್ಮ ಚುಕ್ಕೆ ಗುರುತಿನ ಪ್ರಶ್ನೆಯಂಥದ್ದು ಅಲ್ಲೇನಿದೆ? ಗೊತ್ತಿರೋರು ಬಿಡಿಸಿ ಹೇಳಿ.

ಕಲಾಪಕಿವಿ:
ಮೊದಲು ತಲೆ ಎಣಿಕೆ. ಒಟ್ಟು 19 ಶಾಸಕರು, ಎಲ್ಲರೂ ಪಕ್ಷವಿಲ್ಲದೆ ಗೆದ್ದವರು. ತಮ್ಮೊಳಗೇ ಸ್ಪೀಕರ್, ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂಥವರು), ಆರು ಮಂತ್ರಿಗಳನ್ನು ಆರಿಸಿಕೊಳ್ಳುತ್ತಾರೆ. ಉಳಿದ 11 ಮಂದಿ ಸಾಮಾನ್ಯ ಸದಸ್ಯರು. ಅಂದರೆ ಸಂಪುಟ ಸದಾ ಅಲ್ಪಮತ. ಆದರೆ 19ರಲ್ಲಿ 7 ಸ್ಥಾನ ರಾಜಧಾನಿ ಯೆಲ್ಲೋನೈಫ್‌ನವು, ಹಾಗಾಗಿ ಆ 11 ಮಂದಿ ಒಗ್ಗಟ್ಟಾಗಿರುತ್ತಾರೆ ಅಂದುಕೊಳ್ಳಬೇಡಿ.

ಸದಸ್ಯರ ಹೇಳಿಕೆಗೆ ಸಿಗೋದು ಎರಡೂವರೆ ನಿಮಿಷ. ಮುಗಿಯದಿದ್ದರೆ ಮುಂದುವರಿಸಲು ಸರ್ವಾನುಮತ ಕೋರಬೇಕು, ಒಬ್ಬರು ಬೇಡ ಅಂದರೂ ಕೂರಬೇಕು. ಇದಕ್ಕೆ ಮಂತ್ರಿ ಉತ್ತರ ಕೊಡಬೇಕಿಲ್ಲ. ಅದಕ್ಕೇ ಪಳಗಿದವರು ಹಿನ್ನೆಲೆಯನ್ನೆಲ್ಲ ಹೇಳಿಕೆಯಲ್ಲೇ ಮುಗಿಸಿ, ಅದೇ ದಿನ ಮೌಖಿಕ ಪ್ರಶ್ನೆಯಲ್ಲಿ ಮಂತ್ರಿಯನ್ನು ಹಿಡಿಯುತ್ತಾರೆ. ಪ್ರಶ್ನೆ ವೇಳೆ 60 ನಿಮಿಷ, ಒಂದು ಪ್ರಶ್ನೆಗೆ ಮೂರು ಉಪಪ್ರಶ್ನೆ. ನಮ್ಮಲ್ಲಿಯಂತೆ ದಿನಗಟ್ಟಲೆ ಮುಂಚೆ ನೋಟಿಸ್ ಬೇಕಿಲ್ಲ.

ಎಡವೋದೂ ಇಲ್ಲೇ. "ಖಾಲಿ ಹುದ್ದೆ ಎಷ್ಟು?" ಅಂತ ಏಕಾಏಕಿ ಕೇಳಿದರೆ ಮಂತ್ರಿ "ನೋಟಿಸ್ ಆಗಿ ಸ್ವೀಕರಿಸುತ್ತೇನೆ", ಅಂದರೆ ಉತ್ತರ ಆಮೇಲೆ ಕೊಡುತ್ತೇನೆ, ಎಂದು ಕೂತುಬಿಡುತ್ತಾರೆ. ಉಪಪ್ರಶ್ನೆ ಮೂರೂ ಹೋದವು! ಅಂಕಿ ಬೇಕಿದ್ದರೆ ಲಿಖಿತ ಪ್ರಶ್ನೆ ಹಾಕಿ, ಭರವಸೆ ಬೇಕಿದ್ದರೆ ಮೌಖಿಕವಾಗಿ ಕೇಳಿ. ಅದೂ "ಇಂಥ ಊರಿಗೆ, ಇಂಥ ತಿಂಗಳೊಳಗೆ ಮಾಡುತ್ತೀರಾ?" ಅಂತ ಹೌದು, ಇಲ್ಲ ಅನ್ನೋ ಹಾಗೆ.

ಅಂದಹಾಗೆ, ಆ ಸದನದ ರಾಜದಂಡದೊಳಗೆ 33 ಊರುಗಳಿಂದ ತಂದ ಪುಟ್ಟ ಕಲ್ಲುಗಳಿವೆ, ಎತ್ತಿದಾಗ ಸದ್ದು ಮಾಡುತ್ತವೆ. ಸಣ್ಣ ಊರಿನ ಶಾಸಕರ ಮಾತಿಗೆ ಅಷ್ಟಾದರೂ ಸದ್ದು ಬಂದರೆ ಸಾಕಿತ್ತು.

ಔಷಧಿಪೆಟ್ಟಿಗೆ:
ಆರೋಗ್ಯದ ವಿಷಯದಲ್ಲಿ ಅರ್ಧ ಪ್ರಶ್ನೆಗಳು ತಪ್ಪು ಬಾಗಿಲು ತಟ್ಟುತ್ತವೆ. ನರ್ಸ್ ನೇಮಕ, ಆರೋಗ್ಯ ಕೇಂದ್ರದ ಕಟ್ಟಡ, ಸಿಬ್ಬಂದಿ ಮನೆ ಟೆರಿಟರಿ ಸರ್ಕಾರದ ಹೊಣೆ. ಫಸ್ಟ್ ನೇಷನ್ಸ್ ಮತ್ತು ಇನ್ಯೂಟ್ ಮೂಲನಿವಾಸಿಗಳ ವೈದ್ಯಕೀಯ ಪ್ರಯಾಣದ ನಿಯಮ ಒಟ್ಟಾವಾದ ಫೆಡರಲ್ (ಕೇಂದ್ರ) ಸರ್ಕಾರದ್ದು, ಟೆರಿಟರಿ ಅದನ್ನು ನಡೆಸಿಕೊಡುತ್ತದೆ ಅಷ್ಟೆ. ಮೇಟಿ ಅನ್ನೋ ಇನ್ನೊಂದು ಮೂಲನಿವಾಸಿ ಸಮುದಾಯಕ್ಕೆ ಟೆರಿಟರಿಯದೇ ಬೇರೆ ಯೋಜನೆ. ಜೊತೆಗಾರರಿಗೆ ಮಂಜೂರಾತಿ ಕೊಡಲಿಲ್ಲ ಅಂತ ಗುಡುಗಿದರೆ ಮಂತ್ರಿ "ಅದು ಫೆಡರಲ್ ನಿಯಮ" ಅಂತ ಜಾರಿಕೊಳ್ಳುತ್ತಾರೆ. ಬದಲಿಗೆ ಹೀಗೆ ಕೇಳಬೇಕು: ಇಂಗ್ಲಿಷ್ ಬಾರದ ಹಿರಿಯರಿಗೆ ಭಾಷೆಯ ಕಾರಣಕ್ಕೆ ಜೊತೆಗಾರರನ್ನು ಕಳಿಸಲು ನಿಯಮದಲ್ಲೇ ಅವಕಾಶವಿದೆಯಲ್ಲ, ಊರಿನ ನರ್ಸ್ ತುಂಬುವ ಅರ್ಜಿಯಲ್ಲಿ ಅದನ್ನು ನಮೂದಿಸುತ್ತಿದ್ದಾರಾ? ಎಷ್ಟೋ ಸಲ ಅರ್ಜಿ ಬಿದ್ದುಹೋಗೋದು ಕಾರಣದ ಕಾಲಂ ಸರಿಯಾಗಿ ತುಂಬದೆ.

ಊರುಗಳ ಅಳತೆ ನೋಡಿ. 2021ರ ಜನಗಣತಿಯಲ್ಲಿ ಉಲುಖಾಕ್ಟೊಕ್‌ನಲ್ಲಿ 408 ಜನ, ಸ್ಯಾಕ್ಸ್ ಹಾರ್ಬರ್‌ನಲ್ಲಿ 104. ಎರಡೂ ದ್ವೀಪದ ಊರುಗಳು, ರಸ್ತೆ ಸಂಪರ್ಕವಿಲ್ಲ. ಹೆರಿಗೆಗೆ ದಿನ ತುಂಬುವ ಕೆಲವು ವಾರ ಮೊದಲೇ ಇನುವಿಕ್ ಅಥವಾ ಯೆಲ್ಲೋನೈಫ್‌ಗೆ ಹೋಗಿ ಕಾಯಬೇಕು, ಯೆಲ್ಲೋನೈಫ್‌ನಲ್ಲೂ ಆಗದ ಚಿಕಿತ್ಸೆಗೆ ಆಲ್ಬರ್ಟಾದ ಎಡ್ಮಂಟನ್. ಇಬ್ಬರೇ ನರ್ಸ್ ಇರುವ ಕೇಂದ್ರದಲ್ಲಿ ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಇಪ್ಪತ್ನಾಲ್ಕು ಗಂಟೆಯೂ ಕರೆಗೆ ಸಿದ್ಧವಿರಬೇಕು. ಆಗ ಬಾಗಿಲಿಗೆ "ತುರ್ತು ಸೇವೆ ಮಾತ್ರ" ಚೀಟಿ ಬೀಳುತ್ತೆ. ಲಸಿಕೆ, ಸಕ್ಕರೆ ಕಾಯಿಲೆ ತಪಾಸಣೆ, ಬಸುರಿಯರ ತಪಾಸಣೆ ಎಲ್ಲ ಮುಂದಕ್ಕೆ. ಹಾಗಾಗಿ "ನರ್ಸ್ ಇದ್ದಾರಾ?" ಅಂತ ಕೇಳಿದರೆ "ಇದ್ದಾರೆ" ಅನ್ನೋ ಉತ್ತರ ಸುಳ್ಳೇನಲ್ಲ. "ಕಳೆದ ವರ್ಷ ಊರುವಾರು ಎಷ್ಟು ದಿನ ತುರ್ತು ಸೇವೆ ಮಾತ್ರ ಇತ್ತು?" ಅನ್ನೋದು ಸರಿಯಾದ ಲಿಖಿತ ಪ್ರಶ್ನೆ. ಇದರ ಜೊತೆಗೇ ಸಿಬ್ಬಂದಿ ಮನೆ ಎಷ್ಟಿವೆ ಅಂತಲೂ ಕೇಳಿ. ಹುದ್ದೆ ಮಂಜೂರಾಗಿ, ಉಳಿದುಕೊಳ್ಳಲು ಮನೆಯಿಲ್ಲದೆ ಅಭ್ಯರ್ಥಿ ವಾಪಸು ಹೋಗೋದು ಅಲ್ಲಿ ಹೊಸದಲ್ಲ.

ಬಳಪ:
ಶಾಲೆ ಕಡೆ ನೋಡಿದರೆ ಸಮಸ್ಯೆ ಹತ್ತನೇ ತರಗತಿಯಲ್ಲಿ ಬಯಲಾಗುತ್ತೆ, ಶುರುವಾಗೋದು ಎಷ್ಟೋ ಮೊದಲು. ಒಂಬತ್ತರವರೆಗೆ ಮಕ್ಕಳು ಸಾಮಾನ್ಯವಾಗಿ ತಮ್ಮ ವಯಸ್ಸಿನವರ ಜೊತೆ ಮುಂದಿನ ತರಗತಿಗೆ ಹೋಗುತ್ತಾರೆ. ಹತ್ತರಿಂದ ಪ್ರತಿ ವಿಷಯವನ್ನೂ ಪಾಸು ಮಾಡಿ ಕ್ರೆಡಿಟ್ ಗಳಿಸಬೇಕು. ಓದು ಹಿಂದುಳಿದಿದ್ದವರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಹಾಜರಾತಿ ಪಟ್ಟಿಯಲ್ಲಿ ಹತ್ತನೇ ತರಗತಿ ಉಬ್ಬಿರುತ್ತೆ, ಹನ್ನೆರಡು ಬರಿದಾಗಿರುತ್ತೆ.

ಹಣ ಬಹುಪಾಲು ದಾಖಲಾತಿಗೆ ತಕ್ಕಂತೆ ಬರುತ್ತದೆ. ಲೆಕ್ಕಕ್ಕೆ 40 ಮಕ್ಕಳ, ನಾಲ್ವರು ಶಿಕ್ಷಕರ ಶಾಲೆ ಅಂದುಕೊಳ್ಳಿ. ಜೂನಿಯರ್ ಕಿಂಡರ್‌ಗಾರ್ಟನ್‌ನಿಂದ ಹನ್ನೆರಡರವರೆಗೆ 14 ತರಗತಿ. ಒಬ್ಬ ಶಿಕ್ಷಕರಿಗೆ ಮೂರು ನಾಲ್ಕು ತರಗತಿ ಬಂತು, ಭೌತಶಾಸ್ತ್ರ ಹೇಳಿಕೊಡೋರು ಯಾರು? ಅದಕ್ಕೇ ಇನುವಿಕ್‌ನಿಂದ ವಿಡಿಯೊದಲ್ಲಿ ನೇರ ಪಾಠ ಮಾಡುವ ನಾರ್ದರ್ನ್ ಡಿಸ್ಟೆನ್ಸ್ ಲರ್ನಿಂಗ್ ಬಂದಿದ್ದು. ಚೆನ್ನಾಗಿದೆ, ಆದರೆ ಮೂರು ಸೇರಿದರೇ ನಡೆಯೋದು: ಎಲ್ಲ ಶಾಲೆಗಳ ವೇಳಾಪಟ್ಟಿ ಹೊಂದಬೇಕು, ಇಂಟರ್‌ನೆಟ್ ಕಡಿಯದೆ ಇರಬೇಕು, ಊರಿನ ಕೋಣೆಯಲ್ಲಿ ಮಕ್ಕಳ ಪಕ್ಕ ಕೂತು ನೋಡಿಕೊಳ್ಳೋ ಒಬ್ಬರಿರಬೇಕು. ಮೂರನೆಯದಕ್ಕೆ ಯಾರ ಗಮನವೂ ಹೋಗಲ್ಲ.

ಇನ್ನು ಜೋರ್ಡನ್ಸ್ ಪ್ರಿನ್ಸಿಪಲ್. ಫಸ್ಟ್ ನೇಷನ್ಸ್ ಮಗುವಿಗೆ ಸೇವೆ ಮೊದಲು, ಯಾವ ಸರ್ಕಾರ ದುಡ್ಡು ಕೊಡಬೇಕು ಅನ್ನೋ ಜಗಳ ಆಮೇಲೆ ಅನ್ನೋ ತತ್ವ. 2007ರಲ್ಲಿ ಫೆಡರಲ್ ಸಂಸತ್ತು ಒಪ್ಪಿಕೊಂಡದ್ದು. ಈ ತತ್ವದಡಿ ಬರುವ ಫೆಡರಲ್ ಹಣದಿಂದ ಶಾಲೆಗಳು ಸಹಾಯಕರನ್ನು ಇಟ್ಟುಕೊಂಡಿದ್ದವು. 2025ರ ಫೆಬ್ರವರಿಯಲ್ಲಿ ಒಟ್ಟಾವಾ, ರಿಸರ್ವ್‌ಗಳ (ಫಸ್ಟ್ ನೇಷನ್ಸ್‌ಗೆ ಮೀಸಲಾದ ನೆಲ) ಹೊರಗಿನ ಶಾಲೆಗಳಿಗೆ ಇದನ್ನು ಬಿಗಿ ಮಾಡಿತು. ಈ ಟೆರಿಟರಿಯಲ್ಲಿ ರಿಸರ್ವ್ ಅನ್ನೋದೇ ಅಪರೂಪ, ಹಾಗಾಗಿ ಪೆಟ್ಟು ಹೆಚ್ಚುಕಡಿಮೆ ಎಲ್ಲ ಕಡೆಗೂ ಬಿತ್ತು.

ಅಗಸೆಬಾಗಿಲು:
ಇಷ್ಟೆಲ್ಲ ಕೇಳಿ, ಅಂಕಿ ತರಿಸಿ, ಆಮೇಲೆ? ದುಡ್ಡು ಹೊರಡಿಸೋದು ಎಲ್ಲಿ?

ಕಲಾಪಕಿವಿ:
ಬಜೆಟ್‌ನಲ್ಲಿ. ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರು, ಮುಖ್ಯ ಅಂದಾಜು ಪತ್ರ, ಅಂದರೆ ವರ್ಷದ ಖರ್ಚಿನ ಪಟ್ಟಿ, ಅದಕ್ಕೆ ಮೊದಲಿನ ಚಳಿಗಾಲದ ಅಧಿವೇಶನಕ್ಕೆ ಬರುತ್ತೆ. ಕಟ್ಟಡ ಕಾಮಗಾರಿಯ ಅಂದಾಜು ಪ್ರತ್ಯೇಕ, ಅದು ಶರತ್ಕಾಲದಲ್ಲಿ. ಅಲ್ಲಿ ತಪ್ಪಿದರೆ ಹೊಸ ಆರೋಗ್ಯ ಕೇಂದ್ರ ಒಂದು ವರ್ಷ ಹಿಂದಕ್ಕೆ. ಸಾಮಾನ್ಯ ಸದಸ್ಯರು ತಾವಾಗಿ ಹಣ ಸೇರಿಸುವಂತಿಲ್ಲ, ಕಡಿತಕ್ಕೆ ಮಾತ್ರ ಸೂಚನೆ ತರಬಹುದು. ಆದರೆ 11 ಮತಗಳಲ್ಲಿ ಒಂದಿಷ್ಟಾದರೂ ಸಿಗದೆ ಬಜೆಟ್ ಪಾಸಾಗಲ್ಲ. ಆದ್ದರಿಂದ ಮತಕ್ಕೆ ಮೊದಲೇ ಒಳಗೆ ಚೌಕಾಸಿ ನಡೆಯುತ್ತೆ. ಅಲ್ಲಿಗೆ "ಸಣ್ಣ ಊರುಗಳಿಗೆ ನ್ಯಾಯ ಕೊಡಿ" ಅಂತ ಹೋದವರು ಬರಿಗೈಲಿ ಬರುತ್ತಾರೆ. "ಈ ಊರಿಗೆ ಒಂದು ನರ್ಸ್ ಹುದ್ದೆ, ಒಂದು ಮನೆ, ಈ ಬಾಬ್ತಿನಿಂದ" ಅಂತ ಚೀಟಿ ಹಿಡಿದು ಹೋದವರ ಜೊತೆ ಹಣಕಾಸು ಮಂತ್ರಿ ಲೆಕ್ಕಕ್ಕೆ ಕೂರುತ್ತಾರೆ.

ನೀವು ಕಲಾಪದ ವರದಿ ಓದುವಾಗ ಪ್ರಶ್ನೆಯ ಪುಟಕ್ಕೇ ನಿಲ್ಲಿಸಬೇಡಿ. ನೋಟಿಸ್ ಆಗಿ ಸ್ವೀಕರಿಸಿದ ಪ್ರಶ್ನೆಗೆ ಉತ್ತರ ನಂತರದ ದಿನಗಳ ಕಲಾಪದಲ್ಲಿ "ಮೌಖಿಕ ಪ್ರಶ್ನೆಗಳಿಗೆ ಮರುಉತ್ತರ" ಅನ್ನೋ ಬಾಬಿನಲ್ಲಿ ಬಂದಿರುತ್ತೆ. ನೀವು ಮುಗೀತು ಅಂದುಕೊಂಡ ಎಷ್ಟೋ ಪ್ರಶ್ನೆಗಳ ಉಳಿದರ್ಧ ಅಲ್ಲಿದೆ.