ಸ್ಲೆಡ್ಜಿಂಗ್ ಎಂದರೆ ನಿಂದನೆಯೇ? ಆ್ಯಷಸ್ ಲೇಖನವೊಂದರ ಕೆಲವು ಪದಗಳು

ಪ್ರಶ್ನೆ:

ಇಂಗ್ಲೆಂಡ್–ಆಸ್ಟ್ರೇಲಿಯ ನಡುವಿನ 2013-14ರ ಆ್ಯಷಸ್ ಟೆಸ್ಟ್ ಸರಣಿಯ ಬಗೆಗಿನ ಲೇಖನವೊಂದು ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ಸ್ಲೆಡ್ಜಿಂಗ್ (ಬ್ಯಾಟರ್‌ನ ಮನಸ್ಸು ಕೆಡಿಸಲು ಮೈದಾನದಲ್ಲಿ ಆಡುವ ಮಾತು) ಬಂದಲ್ಲೆಲ್ಲ ‘ನಿಂದನೆ’ ಎಂದಿದೆ. ಬ್ಯಾಟರ್‌ನಿಂದ ದೂರ ಬಿದ್ದು ಮೇಲೇಳುವ ಶಾರ್ಟ್ ಪಿಚ್ ಚೆಂಡುಗಳೆಲ್ಲ ‘ಬೌನ್ಸರ್’ ಆಗಿವೆ. ಬಾಡಿಲೈನ್ (ಲೆಗ್ ಕಡೆ, ಅಂದರೆ ಬ್ಯಾಟರ್‌ನ ಕಾಲಿನ ಬದಿ, ಫೀಲ್ಡರ್‌ಗಳನ್ನು ತುಂಬಿ ಮೈಗೆ ಗುರಿಯಿಟ್ಟ ಹಳೆಯ ದಾಳಿ) ‘ದೇಹರೇಖೆ ಬೌಲಿಂಗ್’ ಆಗಿದೆ. ಬ್ರಿಸ್ಬೇನ್ ಟೆಸ್ಟ್‌ನಲ್ಲಿ ಆಸ್ಟ್ರೇಲಿಯದ ನಾಯಕ ಮೈಕೆಲ್ ಕ್ಲಾರ್ಕ್ ಇಂಗ್ಲೆಂಡ್‌ನ ಜೇಮ್ಸ್ ಆಂಡರ್ಸನ್‌ಗೆ ಹೇಳಿದ್ದು ‘ಮುರಿದ ತೋಳಿಗೆ ಸಿದ್ಧನಾಗು’ ಎಂದಾಗಿದೆ. ಆಸ್ಟ್ರೇಲಿಯದ ಡೇವಿಡ್ ವಾರ್ನರ್ ಪತ್ರಿಕಾಗೋಷ್ಠಿಯಲ್ಲಿ ಇಂಗ್ಲೆಂಡ್ ಆಟಗಾರರದ್ದು ‘ಹೆದರಿದ ಕಣ್ಣುಗಳು’ ಎಂದನಂತೆ. ಅರ್ಥ ತಪ್ಪಿಲ್ಲ, ಆದರೆ ಯಾವುದೂ ಕನ್ನಡವಾಗಿ ಕೇಳಿಸುತ್ತಿಲ್ಲ. ಕ್ರಿಕೆಟ್ಟೂ ಕನ್ನಡವೂ ಬಲ್ಲವರು ಏನನ್ನುತ್ತೀರಿ?

ಉತ್ತರ:

ಕ್ಲಾರ್ಕ್ ಮಾತಿನಿಂದ ಶುರು ಮಾಡೋಣ, ಅದು ಸುಲಭ. ‘ಕೈ ಮುರಿಸ್ಕೊಳ್ಳೋಕೆ ರೆಡಿಯಾಗು’. ಕನ್ನಡದಲ್ಲಿ ಮುರಿಯುವುದು ಕೈ, ತೋಳಲ್ಲ. ಮೂಲದ ವಾಕ್ಯದಲ್ಲಿ ಒಂದು ಕೆಟ್ಟ ಪದವಿದೆ, ಅದಕ್ಕೆ ಸಮನಾದ ಬೈಗುಳ ಹುಡುಕಲು ಹೋಗಬೇಡಿ. ಅಲ್ಲಿ ಆ ಪದ ಆಂಡರ್ಸನ್‌ನನ್ನು ಬೈಯುತ್ತಿಲ್ಲ, ‘ಮುರಿಯುವ’ ಮಾತಿಗೆ ಒತ್ತು ಕೊಡುತ್ತಿದೆ ಅಷ್ಟೇ. ನಮ್ಮ ಬೈಗುಳಗಳು ಒತ್ತು ಕೊಡುವ ಕೆಲಸ ಮಾಡುವುದು ಕಡಿಮೆ, ನೇರವಾಗಿ ಹುಟ್ಟಿಗೋ ತಾಯಿಗೋ ಹೋಗಿಬಿಡುತ್ತವೆ. ಒತ್ತು ಬೇಕೇ ಬೇಕೆಂದರೆ ಕೊನೆಗೆ ‘ನೋಡ್ತಿರು’ ಎಂದು ಸೇರಿಸಿ. ವಾರ್ನರ್ ಮಾತೂ ಹಾಗೆಯೇ: ‘ಅವರ ಕಣ್ಣಲ್ಲೇ ಹೆದರಿಕೆ ಕಾಣ್ತಿದೆ’.

ಸಂದರ್ಭ ಹೇಳದಿದ್ದರೆ ಓದುಗರಿಗೆ ಆ ಮಾತಿನ ತೂಕ ತಿಳಿಯುವುದಿಲ್ಲ. ಆಂಡರ್ಸನ್ ಆಗ 11ನೇ ಕ್ರಮಾಂಕದ ಬಾಲಂಗೋಚಿ. ಪಂದ್ಯ ಇಂಗ್ಲೆಂಡ್ ಕೈಬಿಟ್ಟಾಗಿತ್ತು, ಕೊನೆಗೆ ಸೋತದ್ದು 381 ರನ್‌ಗಳಿಂದ. ಬೌಲರ್ ಮಿಚೆಲ್ ಜಾನ್ಸನ್, ಎಡಗೈ ವೇಗಿ, ಗಂಟೆಗೆ 145ರಿಂದ 150 ಕಿ.ಮೀ. ಆ ಪಂದ್ಯದಲ್ಲಿ 9 ವಿಕೆಟ್, ಸರಣಿಯಲ್ಲಿ 37. ಅಂದರೆ ಕ್ಲಾರ್ಕ್ ಬಾಯಿಗೆ ಬಂದದ್ದು ಆಡಲಿಲ್ಲ, ಇನ್ನೇನು ಬರಲಿದ್ದ ಚೆಂಡಿನ ಬಗ್ಗೆ ಹೇಳಿದ. ಸ್ಟಂಪ್ ಮೈಕ್ ಅದನ್ನು ಹಿಡಿದು ಪ್ರಸಾರ ಮಾಡಿತು. ಐಸಿಸಿ ಪಂದ್ಯ ಶುಲ್ಕದ 20% ದಂಡ ಹಾಕಿತು.

‘ನಿಂದನೆ’ ಬೇಡ ಎನ್ನುವುದಕ್ಕೆ ಕಾರಣವೂ ಇದೇ. ನಿಂದನೆಗೆ ವ್ಯಕ್ತಿ ಗುರಿ. ಸ್ಲೆಡ್ಜಿಂಗ್‌ಗೆ ಗುರಿ ಮುಂದಿನ ಚೆಂಡು. ಒಂದು ಕ್ರೀಸ್‌ನಿಂದ ಇನ್ನೊಂದಕ್ಕೆ ಸುಮಾರು 17.7 ಮೀಟರ್. 145 ಕಿ.ಮೀ. ವೇಗದ ಚೆಂಡು ಪಿಚ್ ಬಡಿದು ಸ್ವಲ್ಪ ವೇಗ ಕಳೆದುಕೊಂಡರೂ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಬ್ಯಾಟರ್ ಮುಟ್ಟುತ್ತದೆ. ನೋಡಿ, ಯೋಚಿಸಿ, ಕಾಲು ಇಡುವಷ್ಟು ಹೊತ್ತು ಅದರಲ್ಲಿಲ್ಲ. ಕಾಲು ಎಲ್ಲಿಗೆ ಹೋಗಬೇಕೆಂದು ಮೈ ಮೊದಲೇ ಅರ್ಧ ತೀರ್ಮಾನಿಸಿರುತ್ತದೆ. ಆ ಅರ್ಧ ತೀರ್ಮಾನವನ್ನು ಕೆಡಿಸುವುದೇ ಮಾತಿನ ಕೆಲಸ. ಪಕ್ಕೆಲುಬು, ಕೈ, ಗಂಟಲು ಎಂದು ಹತ್ತಿರ ನಿಂತ ಫೀಲ್ಡರ್‌ಗಳಿಂದ, ಸ್ಲಿಪ್‌ನಿಂದಲೂ ಶಾರ್ಟ್ ಲೆಗ್‌ನಿಂದಲೂ ಕೇಳಿಸುತ್ತಿದ್ದರೆ ಬ್ಯಾಟರ್ ಭಾರ ಚೆಂಡು ಬರುವ ಮೊದಲೇ ಹಿಂಗಾಲಿಗೆ ಹೋಗುತ್ತದೆ. ಆಗ ಆಫ್ ಸ್ಟಂಪ್ ಮೇಲೆ ಫುಲ್ ಲೆಂತ್ (ಬ್ಯಾಟರ್ ಹತ್ತಿರ ಬೀಳುವ) ಚೆಂಡು ಹಾಕಿದರೆ ಸಾಕು, ಮುಂಗಾಲು ಅಲ್ಲಿಗೆ ತಲುಪುವುದಿಲ್ಲ.

ಎಡವಟ್ಟಾಗುವುದೂ ಇಲ್ಲೇ. ಮಾತಿನ ಅಮಲು ಬೌಲರ್‌ಗೇ ಏರಿದರೆ ಆತ ಇನ್ನೂ ಇನ್ನೂ ಶಾರ್ಟ್ ಹಾಕುತ್ತಾನೆ. ಚೆಂಡು ತಲೆ ಮೇಲಿಂದ ಹೋಗುತ್ತದೆ, ಬ್ಯಾಟರ್ ಸುಮ್ಮನೆ ಬಗ್ಗಿ ಉಸಿರು ಬಿಡುತ್ತಾನೆ. ಹೊಸ ಚೆಂಡಿನ ಗಟ್ಟಿತನ ಇಂಥ ಓವರ್‌ಗಳಲ್ಲೇ ಪೋಲಾಗುತ್ತದೆ. ಇನ್ನು ಕೆಣಕಿದ್ದು ತಿರುಗಿ ಹೊಡೆಯುವುದುಂಟು: ಸಿಟ್ಟಿನಲ್ಲಿ ಚೆನ್ನಾಗಿ ಹುಕ್ ಮಾಡುವವರೂ ಇದ್ದಾರೆ.

ಹೀಗಾಗಿ ನನ್ನ ಸಲಹೆ: ನಾಮಪದವಾಗಿ ‘ಸ್ಲೆಡ್ಜಿಂಗ್’ ಹಾಗೇ ಇರಲಿ. ಕ್ರಿಯಾಪದವಾಗಿ ‘ಕೆಣಕು’. ಆಡಿದ ಮಾತಿಗೆ ‘ಮೂದಲಿಕೆ’. ಬ್ಯಾಟರ್‌ನ ಪೌರುಷವನ್ನೇ ಪ್ರಶ್ನಿಸುವ ಮಾತಿಗೆ ಇದಕ್ಕಿಂತ ಒಳ್ಳೆಯ ಪದ ನಮ್ಮಲ್ಲಿಲ್ಲ. ‘ಛೇಡಿಸು’, ‘ಕಿಚಾಯಿಸು’ ಗೆಳೆಯರ ನಡುವಿನದ್ದು, ಹಗುರ. ‘ಹಂಗಿಸು’ ಎಂದರೆ ಕೊರತೆಯನ್ನು ಎತ್ತಿ ಆಡುವುದು, ಕೆಲವೆಡೆ ಹೊಂದೀತು. ಪ್ರೇಕ್ಷಕರು ಮಾಡುವುದು ‘ಲೇವಡಿ’. ಇಂಗ್ಲೆಂಡ್ ಅಭಿಮಾನಿಗಳ ಗುಂಪಾದ ಬಾರ್ಮಿ ಆರ್ಮಿ ಹಿಂದಿನ ಸರಣಿಗಳಲ್ಲಿ ಜಾನ್ಸನ್‌ನ ಎಡಬಲ ತಪ್ಪುವ ಬೌಲಿಂಗ್ ಮೇಲೆ ಹಾಡು ಕಟ್ಟಿ ಹಾಡಿದ್ದು ಲೇವಡಿಯೇ ಹೊರತು ಸ್ಲೆಡ್ಜಿಂಗ್ ಅಲ್ಲ.

‘ನಿಂದನೆ’ಯನ್ನು ಮ್ಯಾಚ್ ರೆಫರಿ ಮುಂದೆ ಹೋಗುವ ಮಾತಿಗೆ ಎತ್ತಿಡಿ. 2008ರ ಸಿಡ್ನಿ ಟೆಸ್ಟ್‌ನಲ್ಲಿ ಭಾರತದ ಹರಭಜನ್ ಆಸ್ಟ್ರೇಲಿಯದ ಸೈಮಂಡ್ಸ್‌ಗೆ ಬೈದರೆಂಬ ಪ್ರಕರಣದಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಮೊದಲು ಹೊರಿಸಿದ್ದು ಜನಾಂಗೀಯ ನಿಂದನೆ, ಶಿಕ್ಷೆ ಮೂರು ಟೆಸ್ಟ್ ನಿಷೇಧ. ಮೇಲ್ಮನವಿಯಲ್ಲಿ ‘ಜನಾಂಗೀಯ’ ಬಿದ್ದುಹೋಗಿ ಬರೀ ನಿಂದನೆ ಉಳಿಯಿತು, ಶಿಕ್ಷೆ ಪಂದ್ಯ ಶುಲ್ಕದ 50%ಗೆ ಇಳಿಯಿತು. ಎಲ್ಲ ಸ್ಲೆಡ್ಜಿಂಗನ್ನೂ ನಿಂದನೆ ಎಂದು ಬರೆದರೆ ಇಂಥ ಕಡೆ ಬಳಸಲು ಪದವೇ ಉಳಿಯುವುದಿಲ್ಲ.

ಈಗ ಬೌನ್ಸರ್. ಇಲ್ಲಿ ಕರಡು ನಿಜಕ್ಕೂ ತಪ್ಪಿದೆ, ಭಾಷೆಯಲ್ಲಲ್ಲ, ಆಟದಲ್ಲಿ. ಟೆಸ್ಟ್‌ನಲ್ಲಿ ಓವರ್‌ಗೆ ಎರಡಕ್ಕಿಂತ ಹೆಚ್ಚು ಬೌನ್ಸರ್ ಹಾಕುವಂತಿಲ್ಲ, ಮೂರನೆಯದು ನೋಬಾಲ್. ಆದರೆ ಲೆಕ್ಕಕ್ಕೆ ಬರುವುದು ಕ್ರೀಸ್‌ನಲ್ಲಿ ನೆಟ್ಟಗೆ ನಿಂತ ಬ್ಯಾಟರ್‌ನ ಭುಜಕ್ಕಿಂತ ಮೇಲೆ ಹೋಗುವ ಚೆಂಡು ಮಾತ್ರ. ಪಕ್ಕೆಲುಬು, ಕಂಕುಳ ಎತ್ತರಕ್ಕೆ ಏರಿ ಬರುವ ಚೆಂಡಿಗೆ ಮಿತಿಯಿಲ್ಲ, ಆರಕ್ಕೆ ಆರೂ ಹಾಕಬಹುದು. ಬೌನ್ಸರ್‌ಗೆ ಬಗ್ಗಬಹುದು. ಪಕ್ಕೆಲುಬಿನ ಚೆಂಡಿಗೆ ಬಗ್ಗಿದರೆ ತಲೆಗೇ ಬೀಳುತ್ತದೆ, ಹಿಂದೆ ಸರಿಯಲು ಜಾಗವಿಲ್ಲ, ಬ್ಯಾಟ್ ಅಡ್ಡ ಹಿಡಿದರೆ ಗ್ಲೌಸ್ ಸವರಿ ಶಾರ್ಟ್ ಲೆಗ್ ಕೈಗೆ. ಬ್ರಿಸ್ಬೇನ್‌ನಂಥ ಪುಟಿಯುವ ಪಿಚ್‌ನಲ್ಲಿ ಎರಡಕ್ಕೂ ಬೀಳುವ ಜಾಗದಲ್ಲಿ ಇರುವ ವ್ಯತ್ಯಾಸ ಎರಡು ಮೂರು ಹೆಜ್ಜೆಯಷ್ಟೇ. ಇಂಗ್ಲೆಂಡ್ ಬ್ಯಾಟರ್ ಜೊನಾಥನ್ ಟ್ರಾಟ್ ಬ್ರಿಸ್ಬೇನ್‌ನಲ್ಲಿ ಸಿಕ್ಕಿಬಿದ್ದದ್ದು ಈ ಎತ್ತರದಲ್ಲೇ. ಬೌಲರ್ ಓಡಿ ಬರುವಾಗ ಆತ ಆಫ್ ಸ್ಟಂಪ್ ಕಡೆಗೆ ಸರಿಯುತ್ತಿದ್ದ. ಮೈ ಮೇಲೆ ಬಂದ ಚೆಂಡಿಗೆ ಬ್ಯಾಟ್ ಸುತ್ತಿ ತರುವುದು ತಡವಾಗುತ್ತಿತ್ತು. ಮೊದಲ ಇನಿಂಗ್ಸ್‌ನಲ್ಲಿ ಲೆಗ್ ಕಡೆ ಸವರಿ ವಿಕೆಟ್ ಕೀಪರ್ ಹ್ಯಾಡಿನ್ ಕೈಗೆ, 10 ರನ್. ಎರಡನೆಯದರಲ್ಲಿ ಪುಲ್ ಮಾಡಿ ಡೀಪ್ ಸ್ಕ್ವೇರ್ ಲೆಗ್‌ನಲ್ಲಿ ಲಯನ್ ಕೈಗೆ, 9 ರನ್.

ಆದ್ದರಿಂದ ಮೂಲದಲ್ಲಿ ಎತ್ತರ ಯಾವುದೆಂದು ನೋಡಿ ಬರೆಯಿರಿ: ‘ಎದೆಯೆತ್ತರಕ್ಕೆ ಏರಿ ಬಂದ ಚೆಂಡು’, ‘ಪಕ್ಕೆಗೆ ಎದ್ದು ಬಂದ ಚೆಂಡು’, ‘ಮೂಗಿನ ಮುಂದೆ ಹಾದ ಚೆಂಡು’. ಮೂರಕ್ಕೂ ಒಂದೇ ಬೌನ್ಸರ್ ಸಾಲದು.

ಬಾಡಿಲೈನ್ ಅಂಕಿತನಾಮ, ಅದನ್ನು ಬಿಡಿಸಬೇಡಿ. ‘ದೇಹರೇಖೆ’ ಎಂದರೆ ಯಾವುದೋ ಚಿತ್ರಕಲೆಯ ಪಾಠದಂತಿದೆ. 1932-33ರಲ್ಲಿ ಇಂಗ್ಲೆಂಡ್‌ನ ಡಗ್ಲಸ್ ಜಾರ್ಡಿನ್ ನಾಯಕತ್ವದಲ್ಲಿ ಹೆರಾಲ್ಡ್ ಲಾರ್‌ವುಡ್, ಬಿಲ್ ವೋಸ್ ಮಾಡಿದ ದಾಳಿಗೆ ಆಸ್ಟ್ರೇಲಿಯದ ಪತ್ರಿಕೆಗಳು ಇಟ್ಟ ಹೆಸರು ಅದು. ಇಂಗ್ಲೆಂಡ್‌ನವರು ‘ಲೆಗ್ ಥಿಯರಿ’ ಎನ್ನುತ್ತಿದ್ದರು. ಎರಡು ಹೆಸರಿನಲ್ಲೇ ಎರಡು ಪಕ್ಷ ಇರುವುದರಿಂದ ಲೇಖನದಲ್ಲಿ ಯಾರು ಯಾವುದನ್ನು ಹೇಳಿದ್ದಾರೋ ಅದನ್ನೇ ಉಳಿಸಿ. ಅಡಿಲೇಡ್ ಟೆಸ್ಟ್‌ನಲ್ಲಿ ಆಸ್ಟ್ರೇಲಿಯದ ನಾಯಕ ವುಡ್‌ಫುಲ್ ಎದೆಗೆ ಪೆಟ್ಟು ಬಿದ್ದ ಮೇಲೆ ಆಸ್ಟ್ರೇಲಿಯ ಮಂಡಳಿ ಕಳಿಸಿದ ತಂತಿಯಲ್ಲಿ ‘ಕ್ರೀಡಾಧರ್ಮಕ್ಕೆ ತಕ್ಕುದಲ್ಲ’ ಎಂಬರ್ಥದ ಒಂದು ಪದವಿತ್ತು. ಆಗ ಇಂಗ್ಲೆಂಡ್ ತಂಡದ ಹೊಣೆ ಹೊತ್ತಿದ್ದ ಎಂಸಿಸಿ ಚೆಂಡಿನ ದಾರಿಗಿಂತ ಆ ಪದದ ಮೇಲೆ ಹೆಚ್ಚು ಜಗಳವಾಡಿತು, ಆಸ್ಟ್ರೇಲಿಯದವರು ಹಿಂದೆ ಸರಿದ ಮೇಲೆಯೇ ಪ್ರವಾಸ ಮುಂದುವರಿಯಿತು. ಮೈದಾನದಲ್ಲಿರುವ ಎರಡು ತಂಡಗಳಲ್ಲಿ ಒಂದು ಮಾತ್ರ ಕ್ರಿಕೆಟ್ ಆಡಲು ನೋಡುತ್ತಿದೆ ಎಂದು ವುಡ್‌ಫುಲ್ ಆಗ ಹೇಳಿದ್ದನ್ನೇ 2008ರಲ್ಲಿ ಸಿಡ್ನಿಯಲ್ಲಿ ಭಾರತದ ನಾಯಕ ಅನಿಲ್ ಕುಂಬ್ಳೆ ಆಸ್ಟ್ರೇಲಿಯದವರಿಗೇ ತಿರುಗಿಸಿದ್ದು.

ಬಾಡಿಲೈನ್ ಈಗ ಏಕೆ ಸಾಧ್ಯವಿಲ್ಲ ಎಂದು ಅಡಿಟಿಪ್ಪಣಿ ಹಾಕುವುದಾದರೆ ಒಂದೇ ಸಾಲು ಸಾಕು: ಲೆಗ್ ಕಡೆ ಪಾಪಿಂಗ್ ಕ್ರೀಸ್‌ನ (ಬ್ಯಾಟರ್ ನಿಲ್ಲುವ ಗೆರೆ) ಹಿಂದೆ, ವಿಕೆಟ್ ಕೀಪರ್ ಬಿಟ್ಟು, ಇಬ್ಬರಿಗಿಂತ ಹೆಚ್ಚು ಫೀಲ್ಡರ್ ಇದ್ದರೆ ಅದು ನೋಬಾಲ್. ಲೆಗ್ ಗಲ್ಲಿಯಲ್ಲಿ ಒಬ್ಬ, ಫೈನ್ ಲೆಗ್‌ನಲ್ಲಿ ಒಬ್ಬ ನಿಂತರೆ ಲೆಕ್ಕ ಮುಗಿಯಿತು. ಶಾರ್ಟ್ ಲೆಗ್ ಕ್ರೀಸ್‌ಗಿಂತ ಮುಂದೆ ಬರಲೇಬೇಕು.

ಇದಕ್ಕೊಂದು ತಕರಾರು:

ಉಳಿದದ್ದಕ್ಕೆ ಒಪ್ಪಿಗೆ. ‘ಮೂದಲಿಕೆ’ಗೆ ಇಲ್ಲ. ಮೂದಲಿಕೆ ಎಲ್ಲರ ಕಿವಿಗೆ ಬೀಳುವಂತೆ, ಎದುರೆದುರು ಆಡುವ ಮಾತು. ರನ್ನನ ಭೀಮ ವೈಶಂಪಾಯನ ಸರೋವರದ ದಡದಲ್ಲಿ ನಿಂತು ದುರ್ಯೋಧನನನ್ನು ಹೊರಗೆಳೆದದ್ದು ಪಿಸುಮಾತಿನಿಂದಲ್ಲ. ತಾಳಮದ್ದಳೆಯಲ್ಲೂ ಮೂದಲಿಕೆಗೆ ಸಭೆ ಬೇಕು. ಸ್ಲಿಪ್‌ನಲ್ಲಿ ನಿಂತವನು ಬಾಯಿಗೆ ಕೈ ಅಡ್ಡ ಹಿಡಿದು, ಅಂಪೈರ್‌ಗೆ ಕೇಳಿಸದಂತೆ ಆಡುವುದು ಚುಚ್ಚುಮಾತು. ಅದಕ್ಕೊಂದು ಹೊತ್ತೂ ಇದೆ: ಬೌಲರ್ ರನ್‌ಅಪ್‌ಗೆ ಹಿಂದಿರುಗಿ ನಡೆಯುವಾಗ, ಓವರ್‌ಗಳ ನಡುವೆ. ಬ್ಯಾಟರ್ ಚೆಂಡಿಗೆ ಸಿದ್ಧನಾದ ಮೇಲೆ ಬೇಕೆಂದೇ ಗಮನ ಕೆಡಿಸಿದರೆ ಅಂಪೈರ್ ಡೆಡ್ ಬಾಲ್ ಮಾಡಿ ಬ್ಯಾಟಿಂಗ್ ತಂಡಕ್ಕೆ 5 ರನ್ ಕೊಡಬಹುದು. ಹಾಗಾಗಿ ವಾರ್ನರ್ ಪತ್ರಿಕಾಗೋಷ್ಠಿಯಲ್ಲಿ ಆಡಿದ್ದು ಮೂದಲಿಕೆ, ಕ್ಲಾರ್ಕ್ ಪಿಚ್ ಹತ್ತಿರ ಆಡಿದ್ದು ಬೆದರಿಕೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಮತ್ತೊಂದು ಪದ, ‘ಮಾರಕ’. ನಮ್ಮ ಕ್ರೀಡಾಪುಟಗಳಿಗೆ ‘ಮಾರಕ ದಾಳಿ’ ಇಲ್ಲದೆ ಐದು ವಿಕೆಟ್ ಬೀಳುವುದೇ ಇಲ್ಲ. 2014ರ ನವೆಂಬರ್‌ನಲ್ಲಿ ಸಿಡ್ನಿಯಲ್ಲಿ ಹೆಲ್ಮೆಟ್‌ನ ಕೆಳಗೆ ಕುತ್ತಿಗೆಗೆ ಬೌನ್ಸರ್ ಬಿದ್ದು ಆಸ್ಟ್ರೇಲಿಯದ ಬ್ಯಾಟರ್ ಫಿಲಿಪ್ ಹ್ಯೂಸ್ ತೀರಿಕೊಂಡ ಮೇಲಾದರೂ ಬೌನ್ಸರ್ ಪಕ್ಕ ಆ ವಿಶೇಷಣ ಬಿಡಬಹುದು. ‘ಬಿರುಸಿನ’, ‘ಉರಿಯುವ’, ‘ಬೆಂಕಿಯಂಥ’ ಏನಾದರೂ ಇರಲಿ.

ಪ್ರಶ್ನೆ ಕೇಳಿದವರು:

ಚುಚ್ಚುಮಾತು ಸರಿ ಕಾಣುತ್ತಿದೆ. ಎರಡು ಉಳಿದಿವೆ. ಸ್ಲೆಡ್ಜಿಂಗ್ ಪದದ ಹುಟ್ಟಿಗೂ ಸ್ಲೆಡ್ಜ್ ಗಾಡಿಗೂ ಸಂಬಂಧವಿದೆಯೇ? ಬ್ರಿಸ್ಬೇನ್ ಪತ್ರಿಕೆಯೊಂದು ಇಂಗ್ಲೆಂಡ್ ವೇಗಿ ಸ್ಟುವರ್ಟ್ ಬ್ರಾಡ್‌ನನ್ನು ‘ಮಧ್ಯಮ ವೇಗಿ’ ಎಂದು ಬರೆದದ್ದು ಅವಮಾನ ಹೇಗಾಯಿತು?

ಉತ್ತರ:

ಹಿಮದ ಗಾಡಿಗೆ ಸಂಬಂಧವಿಲ್ಲ. ಆಸ್ಟ್ರೇಲಿಯದ ಮಾಜಿ ನಾಯಕ ಇಯಾನ್ ಚಾಪೆಲ್ ಹೇಳುವಂತೆ 60ರ ದಶಕದ ಮಧ್ಯದಲ್ಲಿ ಅಡಿಲೇಡ್‌ನಲ್ಲಿ, ಹೆಂಗಸರ ಎದುರು ಕೆಟ್ಟ ಮಾತಾಡಿದ ಆಟಗಾರನನ್ನು ‘ಸಮ್ಮಟಿಗೆಯಷ್ಟು ನಾಜೂಕು’ ಎಂದು ಅಣಕಿಸುತ್ತಿದ್ದರು. ಸಮ್ಮಟಿಗೆಯ ಇಂಗ್ಲಿಷ್ ಹೆಸರಿನ ಮೊದಲರ್ಧ ಗಾಯಕ ಪರ್ಸಿ ಸ್ಲೆಡ್ಜ್‌ನ ಹೆಸರಿಗೆ ಕೂಡಿಕೊಂಡಿತು. ಮೊದಲು ಪದ ಮೈದಾನದ ಹೊರಗಿನ ಒರಟುತನಕ್ಕಿತ್ತು, ಆಮೇಲೆ ಒಳಗೆ ಬಂತು.

ಬ್ರಾಡ್ ಕಥೆಗೆ ಹಿನ್ನೆಲೆ ಬೇಕು. 2013ರ ಜುಲೈನಲ್ಲಿ ಟ್ರೆಂಟ್ ಬ್ರಿಜ್‌ನಲ್ಲಿ ಬ್ರಾಡ್ ಬ್ಯಾಟ್ ಸವರಿದ ಚೆಂಡು ಸ್ಲಿಪ್‌ಗೆ ಹೋದರೂ ಅಂಪೈರ್ ಔಟ್ ಕೊಡಲಿಲ್ಲ, ಆತ ಕದಲಲಿಲ್ಲ, ಆಸ್ಟ್ರೇಲಿಯದ ಬಳಿ ರಿವ್ಯೂ ಉಳಿದಿರಲಿಲ್ಲ. ನವೆಂಬರ್‌ನಲ್ಲಿ ‘ಕೊರಿಯರ್ ಮೇಲ್’ ಆತನ ಹೆಸರನ್ನೇ ಹಾಕದೆ ‘27 ವರ್ಷದ ಮಧ್ಯಮ ವೇಗಿ’ ಎಂದಿತು. ವೇಗಿಯ ವೇಗ ಇಳಿಸಿ ಹೇಳುವುದಕ್ಕಿಂತ ಚುಚ್ಚುವ ಮಾತು ಆ ಊರಲ್ಲಿಲ್ಲ. ಮೊದಲ ದಿನವೇ 5 ವಿಕೆಟ್ ಕಿತ್ತ ಬ್ರಾಡ್ ಅದೇ ಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಪತ್ರಿಕಾಗೋಷ್ಠಿಗೆ ಬಂದ. ಕನ್ನಡದಲ್ಲಿ ತೊಂದರೆ ಏನೆಂದರೆ ನಾವು ‘ಮಧ್ಯಮ ವೇಗಿ’ಯನ್ನು ಯಾವ ಕುಚೋದ್ಯವೂ ಇಲ್ಲದೆ ದಿನಾ ಬಳಸುತ್ತೇವೆ. ಚುಚ್ಚು ಕಾಣಬೇಕಾದರೆ ‘ಯಾರೋ 27 ವರ್ಷದ ಮಧ್ಯಮ ವೇಗಿ’ ಎನ್ನಿ. ‘ಯಾರೋ’ ಆ ಕೆಲಸ ಮಾಡುತ್ತದೆ.